ನಲವತ್ತೈದು ಡೆಸಿಬಲ್, ಯಾರ ತಾರಸಿಯ ಮೇಲೆ?

ಹಾರುವ ಟ್ಯಾಕ್ಸಿಗಳ ಸುದ್ದಿ ಬಂದಾಗಲೆಲ್ಲ ಬೆನ್ನಿಗೇ ಒಂದು ಅಂಕಿ ಬರುತ್ತದೆ: 45 ಡೆಸಿಬಲ್. ಈ ಅಂಕಿಗೆ ಹೆಚ್ಚು ಪ್ರಚಾರ ಕೊಟ್ಟದ್ದು ಅಮೆರಿಕದ ಜೋಬಿ ಏವಿಯೇಷನ್ ಕಂಪನಿ, 2022ರ ಮೇ ತಿಂಗಳಲ್ಲಿ. ಬರೀ ಜಾಹೀರಾತು ಎಂದು ತಳ್ಳಿಹಾಕುವ ಹಾಗಿಲ್ಲ, ಏಕೆಂದರೆ ಅಳತೆಯಲ್ಲಿ ನಾಸಾ ಕೂಡ ಇತ್ತು. ಕ್ಯಾಲಿಫೋರ್ನಿಯಾದ ಬಿಗ್ ಸರ್ ಸಮೀಪ ಕಂಪನಿಯದೇ ಹಾರಾಟದ ನೆಲೆಯಲ್ಲಿ ಐವತ್ತಕ್ಕೂ ಹೆಚ್ಚು ಮೈಕ್ರೊಫೋನ್‌ಗಳನ್ನು ನೆಲದ ಮೇಲೆ ಹರಡಿ, ಅವುಗಳ ಮೇಲೆ ಕಂಪನಿಯ ವಿದ್ಯುತ್ ಏರ್ ಟ್ಯಾಕ್ಸಿಯನ್ನು ಮತ್ತೆ ಮತ್ತೆ ಹಾರಿಸಿ ದಾಖಲಿಸಿದ್ದು ಅದು. ಆರು ಪ್ರೊಪೆಲ್ಲರ್‌ಗಳ, ಪೈಲಟ್ ಸೇರಿ ಐದು ಜನ ಕೂರುವ ಆ ವಿಮಾನ 500 ಮೀಟರ್ ಎತ್ತರದಲ್ಲಿ, 100 ನಾಟ್ ಅಂದರೆ ಗಂಟೆಗೆ 185 ಕಿಲೋಮೀಟರ್ ವೇಗದಲ್ಲಿ ಸಾಗುವಾಗ ಕೆಳಗೆ ದಾಖಲಾದದ್ದು 45.2 ಡೆಸಿಬಲ್. ಊರಿನ ಸಾಮಾನ್ಯ ಗದ್ದಲದಲ್ಲಿ ಅದು ಇದ್ದೂ ಇಲ್ಲದ ಹಾಗೆ. ನಿಜಕ್ಕೂ ದೊಡ್ಡ ಸಾಧನೆ.

ಆದರೆ ಅದೇ ಪ್ರಕಟಣೆಯಲ್ಲಿ ಇನ್ನೊಂದು ಅಂಕಿಯೂ ಇತ್ತು. ನೆಲ ಬಿಟ್ಟು ಏರುವಾಗ ಮತ್ತು ಇಳಿಯುವಾಗ, 100 ಮೀಟರ್ ದೂರದಲ್ಲಿ 65 ಡೆಸಿಬಲ್‌ನೊಳಗೆ ಎಂಬುದು ಅದು. ಇದು ಅಷ್ಟಾಗಿ ತಲೆಬರಹಕ್ಕೆ ಏರಲಿಲ್ಲ. 45ಕ್ಕೂ 65ಕ್ಕೂ ಇಪ್ಪತ್ತೇ ಅಂತರ ಎಂದುಕೊಳ್ಳಬೇಡಿ. ಡೆಸಿಬಲ್ ಲೆಕ್ಕದಲ್ಲಿ ಪ್ರತಿ ಹತ್ತಕ್ಕೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಹೆಚ್ಚೂಕಡಿಮೆ ಎರಡರಷ್ಟು ಜೋರಾಗಿ ಕೇಳುತ್ತದೆ. ಅಂದರೆ ಇಪ್ಪತ್ತು ಡೆಸಿಬಲ್ ಎಂದರೆ ಶಕ್ತಿಯಲ್ಲಿ ನೂರು ಪಟ್ಟು, ಕೇಳಿಸುವುದರಲ್ಲಿ ನಾಲ್ಕು ಪಟ್ಟು.

ಇದು ಕ್ಯಾಲಿಫೋರ್ನಿಯಾದವರ ತಲೆನೋವು, ನಮಗೇಕೆ ಎನ್ನುವ ಹಾಗೂ ಇಲ್ಲ. ಬೆಂಗಳೂರಿನ ಸರಳಾ ಏವಿಯೇಷನ್ ಎಂಬ ನವೋದ್ಯಮ 2024ರ ಅಕ್ಟೋಬರ್‌ನಲ್ಲಿ ಬೆಂಗಳೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಜೊತೆ ಸಹಯೋಗ ಘೋಷಿಸಿತು. 2025ರ ಜನವರಿಯಲ್ಲಿ ದೆಹಲಿಯ ಭಾರತ್ ಮೊಬಿಲಿಟಿ ಪ್ರದರ್ಶನದಲ್ಲಿ ‘ಶೂನ್ಯ’ ಎಂಬ ಮಾದರಿಯನ್ನೂ ಇಟ್ಟಿತು. ದೇವನಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಹೋಗುವ ಮಾತು ಆಗಲೇ ಕೇಳಿಬಂತು. ಸಿಲ್ಕ್ ಬೋರ್ಡ್ ವೃತ್ತದ ವಾಹನದಟ್ಟಣೆ ದಾಟಿದ ಯಾರಿಗೆ ಅದು ಬೇಡ ಹೇಳಿ? ನನಗೂ ಬೇಕು. ಆದರೆ ಹತ್ತುವವನಿಗೆ ಒಂದು ಲೆಕ್ಕ, ಕೆಳಗೆ ಮಲಗಿರುವವನಿಗೆ ಇನ್ನೊಂದು ಲೆಕ್ಕ. ಈ ಎರಡನೆಯವನ ಲೆಕ್ಕ ಮಾಡಲು ಮೊದಲು ಪ್ರೊಪೆಲ್ಲರ್ ಏಕೆ ಸದ್ದು ಮಾಡುತ್ತದೆ ಎಂದು ತಿಳಿಯಬೇಕು.

ಹೆಲಿಕಾಪ್ಟರ್ ಗದ್ದಲಕ್ಕೆ ಎಂಜಿನ್ನೇ ಕಾರಣ ಎಂದು ಬಹಳ ಜನ ತಿಳಿದಿದ್ದಾರೆ. ಎಂಜಿನ್ನಿನ ಪಾಲು ಇಲ್ಲವೆಂದಲ್ಲ. ಆದರೆ ಎರಡು ಮೈಲಿ ಆಚೆಯಿಂದಲೇ ಕಿಟಕಿ ಗಾಜನ್ನು ಅದುರಿಸುವ ಆ ದಡದಡ ಬ್ಲೇಡುಗಳದು. ಎಚ್‌ಎಎಲ್ ವಿಮಾನ ನಿಲ್ದಾಣದ ಸುತ್ತಮುತ್ತ, ಮುರುಗೇಶ್ ಪಾಳ್ಯದಲ್ಲೋ ವಿಮಾನಪುರದಲ್ಲೋ ಇರುವವರಿಗೆ ಧ್ರುವ್ ಹೆಲಿಕಾಪ್ಟರಿನ ಸದ್ದನ್ನು ವಿವರಿಸಬೇಕಾಗಿಲ್ಲ. ಅದರ ಮುಖ್ಯ ರೋಟರಿನ ವ್ಯಾಸ 13.2 ಮೀಟರ್, ಬ್ಲೇಡು ನಾಲ್ಕು, ಸುತ್ತು ನಿಮಿಷಕ್ಕೆ ಮುನ್ನೂರಕ್ಕೆ ಸ್ವಲ್ಪ ಮೇಲೆ. ಲೆಕ್ಕ ಹಾಕಿದರೆ ಬ್ಲೇಡಿನ ತುದಿ ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಮೀಟರ್ ವೇಗದಲ್ಲಿ ಗಾಳಿಯನ್ನು ಸೀಳುತ್ತಿರುತ್ತದೆ. ಹೆಲಿಕಾಪ್ಟರ್ ಮುಂದೆ ಹೋಗುವಾಗ ಒಂದು ಪಕ್ಕದ ಬ್ಲೇಡಿಗೆ ಈ ಮುನ್ನುಗ್ಗುವ ವೇಗವೂ ಸೇರಿ ತುದಿ ಶಬ್ದದ ವೇಗದ ಹತ್ತಿರ ಹತ್ತಿರ ಬರುತ್ತದೆ. ಸೆಕೆಂಡಿಗೆ ಇಪ್ಪತ್ತು ಇಪ್ಪತ್ತೊಂದು ಸಲ ಒಂದೊಂದು ಬ್ಲೇಡು ಒಂದೇ ಜಾಗವನ್ನು ದಾಟುತ್ತದೆ. ಅಷ್ಟೇ ಸಲ ಗಾಳಿಗೆ ಏಟು ಬೀಳುತ್ತದೆ.

ಹೀಗಾಗಿ ಹೆಲಿಕಾಪ್ಟರ್‌ನಿಂದ ಎಂಜಿನ್ ತೆಗೆದು ಬ್ಯಾಟರಿ, ಮೋಟರ್ ಹಾಕಿದ ಮಾತ್ರಕ್ಕೆ ಅದು ಸುಮ್ಮನಾಗುವುದಿಲ್ಲ. ವಿದ್ಯುತ್ತಿನಿಂದ ಆಗುವ ಉಪಕಾರ ಬೇರೆ. ಒಂದೇ ದೊಡ್ಡ ಎಂಜಿನ್‌ಗೆ ಗೇರ್‌ಬಾಕ್ಸ್ ಕೂರಿಸಿ ಒಂದೇ ದೊಡ್ಡ ರೋಟರ್ ತಿರುಗಿಸುವ ಬದಲು ಆರೋ ಹನ್ನೆರಡೋ ಹದಿನೆಂಟೋ ಸಣ್ಣ ಮೋಟರ್‌ಗಳನ್ನು ರೆಕ್ಕೆಯುದ್ದಕ್ಕೂ ಹಂಚಬಹುದು. ಒಂದೊಂದನ್ನೂ ಬೇಕಾದ ವೇಗದಲ್ಲಿ ತಿರುಗಿಸಬಹುದು, ಬೇಡವಾದಾಗ ನಿಲ್ಲಿಸಬಹುದು. ಜೋಬಿಯಲ್ಲಿ ಆರು, ಆರ್ಚರ್ ಕಂಪನಿಯ ಮಿಡ್‌ನೈಟ್‌ನಲ್ಲಿ ಹನ್ನೆರಡು, ಜರ್ಮನಿಯ ವೊಲೊಕಾಪ್ಟರ್‌ನಲ್ಲಿ ಹದಿನೆಂಟು. ಮೇಲೆ ಏರಿದ ಮೇಲೆ ರೆಕ್ಕೆಗಳೇ ಭಾರ ಹೊರುವ ವಿಮಾನಗಳಲ್ಲಿ ಪ್ರೊಪೆಲ್ಲರ್‌ಗೆ ಮುಂದೂಡುವ ಕೆಲಸವಷ್ಟೇ ಉಳಿಯುತ್ತದೆ. ಹಾಗಾಗಿಯೇ ಜೋಬಿಯ 45 ಸಾಧ್ಯವಾದದ್ದು. ವೊಲೊಕಾಪ್ಟರ್‌ಗೆ ಅಂಥ ರೆಕ್ಕೆಯಿಲ್ಲ, ದಾರಿಯುದ್ದಕ್ಕೂ ರೋಟರ್‌ಗಳೇ ಭಾರ ಹೊರಬೇಕು.

ಪ್ರೊಪೆಲ್ಲರಿನ ಸದ್ದಿಗೆ ಮೊದಲ ಸರಿಯಾದ ಗಣಿತ ಬರೆದವರು ಗುಟಿನ್ ಎಂಬ ಸೋವಿಯತ್ ವಿಜ್ಞಾನಿ, 1936ರಲ್ಲಿ. ಭಾರತದ ಮೊದಮೊದಲ ಮಹಿಳಾ ಪೈಲಟ್‌ಗಳಲ್ಲಿ ಒಬ್ಬರಾದ ಸರಳಾ ಠುಕ್ರಾಲ್ ವಿಮಾನ ಹಾರಿಸಿದ್ದೂ ಅದೇ ವರ್ಷ; ಬೆಂಗಳೂರಿನ ಕಂಪನಿ ಇಟ್ಟುಕೊಂಡಿರುವುದು ಅವರ ಹೆಸರನ್ನೇ. ಇದು ಕಾಕತಾಳೀಯ, ಇರಲಿ. ಗುಟಿನ್ ತೋರಿಸಿದ್ದು ಇಷ್ಟು: ಬ್ಲೇಡು ಗಾಳಿಯನ್ನು ಹಿಂದಕ್ಕೆ ಒತ್ತುತ್ತದೆ, ಆ ಒತ್ತಡದ ಜಾಗ ಬ್ಲೇಡಿನ ಜೊತೆಯೇ ಸುತ್ತುತ್ತದೆ, ಹೊರಗೆ ನಿಂತವನಿಗೆ ಅದು ಒಮ್ಮೆ ಹತ್ತಿರ ಒಮ್ಮೆ ದೂರವಾಗುತ್ತ ಅಲೆಅಲೆಯಾಗಿ ಬಂದು ತಲುಪುತ್ತದೆ. ಮುಂದೆ ಬ್ರಿಟನ್ನಿನ ಲೈಟ್‌ಹಿಲ್, ಅವರ ನಂತರ 1969ರಲ್ಲಿ ಫೋಕ್ಸ್ ವಿಲಿಯಮ್ಸ್ ಮತ್ತು ಹಾಕಿಂಗ್ಸ್ ಇದನ್ನು ಪೂರ್ಣ ಸಮೀಕರಣವಾಗಿ ಬೆಳೆಸಿದರು. ಇಂದಿಗೂ ಏರ್ ಟ್ಯಾಕ್ಸಿ ವಿನ್ಯಾಸಕರ ಕಂಪ್ಯೂಟರಿನಲ್ಲಿ ಓಡುವುದು ಅದೇ ಸಮೀಕರಣ. ಬ್ಲೇಡಿನ ದಪ್ಪ ಗಾಳಿಯನ್ನು ಪಕ್ಕಕ್ಕೆ ತಳ್ಳುವ ಸದ್ದು, ಬ್ಲೇಡಿನ ಮೇಲಿನ ಭಾರದ ಸದ್ದು, ಇವೆರಡೂ ಸ್ವರದಂಥವು. ಗಾಳಿಯ ಕದಡಿಕೆ ಬ್ಲೇಡಿನ ಅಂಚು ದಾಟುವಾಗ ಹುಟ್ಟುವ ‘ಸ್ಸ್’ ಎಂಬ ಶಬ್ದ ಮೂರನೆಯದು, ಅದಕ್ಕೆ ಸ್ವರವಿಲ್ಲ.

ಮೂರಕ್ಕೂ ಮೂಲ ಒಂದೇ, ತುದಿಯ ವೇಗ. ನಿಮ್ಮ ಮನೆಯ ನಲವತ್ತೆಂಟು ಇಂಚಿನ ಸೀಲಿಂಗ್ ಫ್ಯಾನ್ ನಿಮಿಷಕ್ಕೆ 350 ಸುತ್ತು ತಿರುಗಿದರೆ ಅದರ ತುದಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ, ಹೆಲಿಕಾಪ್ಟರ್ ಬ್ಲೇಡಿನ ಸುಮಾರು ಹತ್ತನೇ ಒಂದು ಪಾಲು. ಅಷ್ಟಕ್ಕೇ ಐದರಲ್ಲಿಟ್ಟಾಗ ‘ಭರ್’ ಎನ್ನುತ್ತದೆ, ಎರಡಕ್ಕಿಳಿಸಿದರೆ ಸದ್ದೇ ಇಲ್ಲ. ವೇಗ ಸ್ವಲ್ಪ ಇಳಿದರೆ ಸದ್ದು ಬಹಳ ಇಳಿಯುತ್ತದೆ. ಆ ‘ಸ್ಸ್’ ಶಬ್ದದ ಶಕ್ತಿ ತುದಿಯ ವೇಗದ ಐದನೇ ಅಥವಾ ಆರನೇ ಘಾತದಂತೆ ಏರಿಳಿಯುತ್ತದೆ. ವೇಗ ಅರ್ಧವಾದರೆ ಹದಿನೈದರಿಂದ ಹದಿನೆಂಟು ಡೆಸಿಬಲ್ ಉಳಿತಾಯ. ಇಷ್ಟು ಸುಲಭದ ಲಾಭ ಬೇರೆಲ್ಲೂ ಇಲ್ಲ. ಏರ್ ಟ್ಯಾಕ್ಸಿಯವರೆಲ್ಲ ಹಿಡಿದಿರುವುದು ಈ ದಾರಿಯನ್ನೇ.

ಹಾಗಾದರೆ ಇನ್ನೂ ನಿಧಾನ ತಿರುಗಿಸಿದರಾಯಿತಲ್ಲ? ಅಲ್ಲೇ ಇರುವುದು ತೊಡಕು. ಬ್ಲೇಡು ಎತ್ತಿಹಿಡಿಯುವ ಭಾರ ವೇಗದ ವರ್ಗಕ್ಕೆ ತಕ್ಕಂತೆ. ವೇಗ ಅರ್ಧ ಮಾಡಿದರೆ ಅದೇ ಭಾರ ಎತ್ತಲು ಬ್ಲೇಡಿನ ವಿಸ್ತೀರ್ಣ ನಾಲ್ಕು ಪಟ್ಟಾಗಬೇಕು. ಬ್ಲೇಡು ಅಗಲವಾಗಬೇಕು ಇಲ್ಲವೇ ಸಂಖ್ಯೆಯಲ್ಲಿ ಹೆಚ್ಚಬೇಕು. ತೂಕ ಬಂತು. ನಿಧಾನ ತಿರುಗುವ ಮೋಟರ್ ಅದೇ ಶಕ್ತಿಗೆ ಹೆಚ್ಚು ತಿರುಚುಬಲ ಕೊಡಬೇಕು, ಅದಕ್ಕೆ ಮೋಟರೂ ದಪ್ಪವಾಗಬೇಕು. ಮತ್ತೆ ತೂಕ. ಆ ತೂಕ ಎತ್ತಲು ಬ್ಯಾಟರಿ. ಪೆಟ್ರೋಲು ಸುಡುತ್ತ ಹಗುರಾಗುತ್ತದೆ, ಬ್ಯಾಟರಿ ಖಾಲಿಯಾದರೂ ಅಷ್ಟೇ ಭಾರ. ವಿಸ್ತೀರ್ಣ ಹೆಚ್ಚಾದಷ್ಟೂ ಸದ್ದು ಹುಟ್ಟುವ ಮೈಯೂ ದೊಡ್ಡದಾಗಿ, ಗಳಿಸಿದ ಡೆಸಿಬಲ್‌ಗಳಲ್ಲಿ ಒಂದು ಪಾಲು ವಾಪಸ್ ಹೋಗುತ್ತದೆ. ಹೀಗೆ ಸದ್ದಿಗೂ ಸೀಟಿಗೂ ನಡುವೆ ಸದಾ ಚೌಕಾಸಿ. ಒಬ್ಬ ಪ್ರಯಾಣಿಕನನ್ನು ಇಳಿಸಿದರೆ ವಿಮಾನ ಇನ್ನಷ್ಟು ಮೌನವಾಗಬಹುದು, ಆದರೆ ಟಿಕೆಟ್ ದರ ಏರುತ್ತದೆ.

ಜೋಬಿಯ ಪ್ರೊಪೆಲ್ಲರ್‌ನಲ್ಲಿ ಐದು ಬ್ಲೇಡುಗಳಿವೆ. ಭಾರ ಐದಕ್ಕೆ ಹಂಚಿಹೋಗುವುದರಿಂದ ಒಂದೊಂದು ಏಟೂ ಮೆತ್ತಗಾಗುತ್ತದೆ. ಏಟುಗಳು ಒತ್ತೊತ್ತಾಗಿ ಬೀಳುವುದರಿಂದ ಸ್ವರವೂ ಮೇಲೇರುತ್ತದೆ. ಲೆಕ್ಕ ಸುಲಭ. ಐದು ಬ್ಲೇಡಿನ ಪ್ರೊಪೆಲ್ಲರ್ ನಿಮಿಷಕ್ಕೆ 900 ಸುತ್ತು ತಿರುಗಿದರೆ ಸೆಕೆಂಡಿಗೆ ಹದಿನೈದು ಸುತ್ತು, ಗುಣಿಸಿದರೆ 75 ಹರ್ಟ್ಸ್. ರಾಬಿನ್‌ಸನ್ ಆರ್-44ರಂಥ ಎರಡು ಬ್ಲೇಡಿನ ಸಣ್ಣ ಹೆಲಿಕಾಪ್ಟರಿನದು ಸುಮಾರು 13 ಹರ್ಟ್ಸ್. ಅದರ ಮೂಲಸ್ವರ ಕಿವಿಗೆ ಸ್ವರವಾಗಿ ಕೇಳುವುದೇ ಇಲ್ಲ, ಪಟಪಟ ಏಟಾಗಿ ಮೈಗೆ ತಾಗುತ್ತದೆ. ಇನ್ನು ಕೈಯಲ್ಲಿ ಹಿಡಿಯುವಂಥ ಡ್ರೋನಿನ ಪುಟ್ಟ ಪ್ರೊಪೆಲ್ಲರ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿ ನೂರಾರು ಹರ್ಟ್ಸ್‌ಗೆ ಹೋಗುತ್ತದೆ. ಮದುವೆಮನೆಯಲ್ಲಿ ತಲೆಯ ಮೇಲೆ ಕೇಳುವ ಗುಂಯ್‌ಗುಡುವಿಕೆ ಅದು. ಏರ್ ಟ್ಯಾಕ್ಸಿ ಇವೆರಡರ ನಡುವಿನ ಪ್ರಾಣಿ.

ಪ್ರೊಪೆಲ್ಲರ್‌ಗಳು ಹಲವಾದರೆ ಇನ್ನೊಂದು ತಂಟೆ ಹುಟ್ಟುತ್ತದೆ. ತಂಬೂರಿ ಶ್ರುತಿ ಮಾಡುವುದನ್ನು ಹತ್ತಿರದಿಂದ ಕಂಡವರಿಗೆ ಇದು ಗೊತ್ತು. ಎರಡು ತಂತಿ ಒಂದೇ ಸ್ವರಕ್ಕೆ ಕೂಡುವ ಮುನ್ನ ವುಂಯ್-ವುಂಯ್ ಎಂದು ಅಲೆಯುತ್ತವೆ, ಹತ್ತಿರ ಬಂದಂತೆ ಅಲೆ ನಿಧಾನವಾಗುತ್ತದೆ, ಕೂಡಿದಾಗ ನಿಲ್ಲುತ್ತದೆ. ಒಂದು ಪ್ರೊಪೆಲ್ಲರ್ 75 ಹರ್ಟ್ಸ್, ಪಕ್ಕದ್ದು 76 ಆದರೆ ಸೆಕೆಂಡಿಗೊಮ್ಮೆ ಸದ್ದು ಏರಿ ಇಳಿಯುತ್ತದೆ. ಕೆಲವು ವಿನ್ಯಾಸಗಳಲ್ಲಿ ವಿಮಾನವನ್ನು ಸಮತೋಲದಲ್ಲಿ ಇಡಲು ಒಂದೊಂದು ರೋಟರಿನ ವೇಗವನ್ನೇ ಕ್ಷಣಕ್ಷಣಕ್ಕೂ ಹೆಚ್ಚುಕಡಿಮೆ ಮಾಡುತ್ತಿರಬೇಕು. ಗಾಳಿ ಬೀಸಿದಂತೆಲ್ಲ ಹನ್ನೆರಡೋ ಹದಿನೆಂಟೋ ಶ್ರುತಿಗಳು ಒಂದಕ್ಕೊಂದು ಜಾರುತ್ತವೆ. ಅಂಥ ಅಲೆದಾಡುವ ಸದ್ದಿಗೆ ಕಿವಿ ಒಗ್ಗಿಕೊಳ್ಳುವುದು ಕಷ್ಟ. ಸುತ್ತಿನ ವೇಗ ಮುಟ್ಟದೆ ಬ್ಲೇಡಿನ ಕೋನ ಬದಲಿಸಿಯೇ ಹತೋಟಿ ಸಾಧಿಸಿದರೆ ಈ ಕಾಟ ಕಡಿಮೆ, ಜೋಬಿಯಲ್ಲಿ ವೇಗ ಮತ್ತು ಕೋನ ಎರಡನ್ನೂ ಬದಲಿಸುವ ಅನುಕೂಲವಿದೆ. ಪ್ರೊಪೆಲ್ಲರ್‌ಗಳನ್ನು ಲೆಕ್ಕ ಹಾಕಿ ಹೆಜ್ಜೆ ಹೊಂದಿಸಿ ತಿರುಗಿಸಿದರೆ ಒಂದರ ಅಲೆ ಇನ್ನೊಂದನ್ನು ಕೆಲವು ದಿಕ್ಕುಗಳಲ್ಲಿ ಅಳಿಸುವಂತೆಯೂ ಮಾಡಬಹುದು. ಆದರೆ ಒಂದು ಬೀದಿಗೆ ಉಳಿಸಿದ ಸದ್ದು ಪಕ್ಕದ ಬೀದಿಗೆ ಹೋಗಬಹುದು ಎಂಬುದನ್ನೂ ಹೇಳಬೇಕು.

ಇಳಿಯುವ ಹೊತ್ತು ಎಲ್ಲಕ್ಕಿಂತ ಕೆಟ್ಟದ್ದು. ಪ್ರತಿ ಬ್ಲೇಡೂ ತುದಿಯಲ್ಲಿ ಒಂದು ಸುಳಿ ಬಿಟ್ಟುಹೋಗುತ್ತದೆ. ಸಾಮಾನ್ಯವಾಗಿ ಆ ಸುಳಿ ಕೆಳಕ್ಕೆ ಜಾರಿಹೋಗುತ್ತದೆ. ಹೆಲಿಕಾಪ್ಟರ್ ಓರೆಯಾಗಿ ಇಳಿಯುವಾಗ ಮಾತ್ರ ಅದು ತಾನೇ ಬಿಟ್ಟ ಸುಳಿಗಳ ಮೇಲೆಯೇ ಇಳಿಯುತ್ತದೆ, ಹಿಂದೆ ಬರುವ ಬ್ಲೇಡು ಸುಳಿಯನ್ನು ಕತ್ತರಿಸುತ್ತದೆ. ಇಳಿಯುವ ಹೆಲಿಕಾಪ್ಟರಿನ ಚಾಟಿಯೇಟಿನಂಥ ಸದ್ದು ಇದರದೇ. ಏರ್ ಟ್ಯಾಕ್ಸಿಯಲ್ಲೂ ನಿಂತಲ್ಲೇ ತೇಲುವ ಸ್ಥಿತಿಯಿಂದ ಮುಂದಕ್ಕೆ ಸಾಗುವ ಸ್ಥಿತಿಗೆ ಬದಲಾಗುವ ಆ ಕೆಲವು ಸೆಕೆಂಡುಗಳಲ್ಲಿ ಇಂಥ ಘರ್ಷಣೆಗಳೇ ಹೆಚ್ಚು. ಮುಂದಿನ ಸಾಲಿನ ಪ್ರೊಪೆಲ್ಲರ್ ಬಿಟ್ಟ ಕದಡಿದ ಗಾಳಿ ಹಿಂದಿನ ಸಾಲಿಗೆ ಹೋಗಿ ಬಡಿಯುತ್ತದೆ, ಮೇಲ್ಮುಖವಾದ ರೋಟರ್‌ಗೆ ಗಾಳಿ ಪಕ್ಕದಿಂದ ನುಗ್ಗುತ್ತದೆ. ಇವೆಲ್ಲ ನಡೆಯುವುದು ಮನೆಗಳ ಹತ್ತಿರ, ತಗ್ಗಿನ ಎತ್ತರದಲ್ಲಿ. ಇಳಿಯುವ ಓರೆಯನ್ನು ಜಾಣತನದಿಂದ ಆರಿಸಿದರೆ ಸುಳಿಗಳಿಂದ ತಪ್ಪಿಸಿಕೊಳ್ಳಬಹುದು; ಪೈಲಟ್‌ಗೆ ಬಿಡದೆ ಕಂಪ್ಯೂಟರಿಗೇ ಆ ದಾರಿ ಕಲಿಸಬಹುದು. ಬ್ಲೇಡಿನ ತುದಿ ಬಗ್ಗಿಸುವುದು, ಅಂಚಿಗೆ ಗೂಬೆಯ ಗರಿಯಂತೆ ಹಲ್ಲು ಕೊರೆಯುವುದು, ಪ್ರೊಪೆಲ್ಲರ್ ಸುತ್ತ ಕೊಳವೆ ಹಾಕುವುದು ಮುಂತಾದ ಉಪಾಯಗಳೂ ಇವೆ. ಕೊಳವೆಯ ದಾರಿ ಹಿಡಿದಿದ್ದ ಜರ್ಮನಿಯ ಲಿಲಿಯಂ ಕಂಪನಿ 2024ರ ಅಕ್ಟೋಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಕಾರಣ ಸದ್ದಲ್ಲ, ದುಡ್ಡು.

ಇನ್ನು ಅಳೆಯುವ ಕೋಲಿನ ವಿಷಯ. ಡೆಸಿಬಲ್ ಪಕ್ಕದಲ್ಲಿ ಒಂದು ‘ಎ’ ಇರುತ್ತದೆ, ಸುದ್ದಿಯಲ್ಲಿ ಅದು ಬಿದ್ದುಹೋಗುತ್ತದೆ. ಮನುಷ್ಯನ ಕಿವಿಗೆ ಮಂದ್ರಸ್ವರಗಳು ಅಷ್ಟಾಗಿ ಕೇಳುವುದಿಲ್ಲ ಎಂಬ ಕಾರಣಕ್ಕೆ 1930ರ ದಶಕದ ಸಂಶೋಧನೆಯ ಆಧಾರದ ಮೇಲೆ ಮಂದ್ರದ ಪಾಲನ್ನು ಕಡಿತ ಮಾಡಿ ಲೆಕ್ಕ ಹಾಕುವ ಪದ್ಧತಿ ಇದು. 80 ಹರ್ಟ್ಸ್‌ನ ಸ್ವರವಿದ್ದರೆ ಅದರಿಂದ ಇಪ್ಪತ್ತೆರಡು ಡೆಸಿಬಲ್‌ನಷ್ಟು ಕಳೆದುಬಿಡುತ್ತಾರೆ. ಏರ್ ಟ್ಯಾಕ್ಸಿ ಪ್ರೊಪೆಲ್ಲರಿನ ಮೂಲಸ್ವರ ಇರಬಹುದಾದ ಜಾಗವೇ ಅದು. ಲೆಕ್ಕ ಮೋಸದ್ದಲ್ಲ, ಕಿವಿಯ ಮಟ್ಟಿಗೆ ಸರಿ. ಆದರೆ ಮಂದ್ರಸ್ವರ ಗೋಡೆ, ಮುಚ್ಚಿದ ಕಿಟಕಿಗಳನ್ನು ಸುಲಭವಾಗಿ ದಾಟುತ್ತದೆ. ಗಾಳಿಯಲ್ಲೂ ಬಹುದೂರ ಕರಗುವುದಿಲ್ಲ. ಹೊರಗೆ ಅಳೆದ 45 ಮಲಗುವ ಕೋಣೆಯಲ್ಲಿ ಹೇಗೆ ಕೇಳುತ್ತದೆ ಎಂಬುದಕ್ಕೆ ಆ ಒಂದು ಅಂಕಿ ಉತ್ತರ ಕೊಡುವುದಿಲ್ಲ.

ಅಂಕಿಗೂ ಕಿರಿಕಿರಿಗೂ ಇರುವ ದೂರವನ್ನು ಆಸ್ಟ್ರೇಲಿಯಾದ ಬೋನಿಥಾನ್ ಚೆನ್ನಾಗಿ ತೋರಿಸಿಕೊಟ್ಟಿತು. ಕ್ಯಾನ್‌ಬೆರಾದ ದಕ್ಷಿಣದ ಈ ಶಾಂತ ಬಡಾವಣೆಯಲ್ಲಿ 2018ರಲ್ಲಿ ವಿಂಗ್ ಎಂಬ ಕಂಪನಿ, ಗೂಗಲ್‌ನ ಮಾತೃಸಂಸ್ಥೆ ಆಲ್ಫಬೆಟ್‌ನದು, ಡ್ರೋನ್ ಮೂಲಕ ಕಾಫಿ, ತಿಂಡಿ, ಔಷಧಿ ತಲುಪಿಸುವ ಪ್ರಯೋಗ ಶುರುಮಾಡಿತು. ಡ್ರೋನುಗಳು ರಸ್ತೆಯ ಲಾರಿಗಿಂತ ಜೋರೇನೂ ಇರಲಿಲ್ಲ. ಆದರೆ ಜನ ಸಿಟ್ಟಾದರು. ಕೀರಲು ದನಿ, ತಲೆಯ ಮೇಲೇ ಸುಳಿಯುವುದು, ಎಷ್ಟು ಹೊತ್ತಿಗೆ ಬರುತ್ತದೋ ತಿಳಿಯದಿರುವುದು. ನಾಯಿಗಳು ಬೆದರಿದವು, ಹಿತ್ತಿಲಲ್ಲಿ ಕೂರುವುದನ್ನು ಬಿಟ್ಟೆವು ಎಂದವರಿದ್ದರು. ಬಡಾವಣೆಯವರು ಸಂಘಟನೆ ಕಟ್ಟಿದರು, ವಿಷಯ ಅಲ್ಲಿನ ಶಾಸನಸಭೆಯ ವಿಚಾರಣೆಯವರೆಗೂ ಹೋಯಿತು. ಕಂಪನಿ ಕೊನೆಗೆ ಪ್ರೊಪೆಲ್ಲರ್‌ಗಳನ್ನೇ ಹೊಸದಾಗಿ ವಿನ್ಯಾಸ ಮಾಡಿ, ಸ್ವರವನ್ನು ತಗ್ಗಿಸಿ, ಸೇವೆಯನ್ನು ನಗರದ ಇನ್ನೊಂದು ಭಾಗಕ್ಕೆ ಒಯ್ದಿತು. ಗಮನಿಸಬೇಕಾದ್ದು ಇದು: ಪ್ರಯೋಗಾಲಯದಲ್ಲಿ ಸಿಗದ ಉತ್ತರವನ್ನು ಬೋನಿಥಾನಿನ ಗೃಹಿಣಿಯರೂ ನಿವೃತ್ತರೂ ಕೊಟ್ಟರು. ಅಮೆರಿಕದ ಟೆಕ್ಸಾಸ್‌ನ ಕಾಲೇಜ್ ಸ್ಟೇಷನ್‌ನಲ್ಲೂ ಅಮೆಜಾನ್ ಡ್ರೋನುಗಳ ವಿರುದ್ಧ ಇದೇ ದೂರು ಎದ್ದು, 2024ರಲ್ಲಿ ಊರಿನ ಮೇಯರ್ ವಿಮಾನಯಾನ ಇಲಾಖೆಗೆ ಪತ್ರ ಬರೆಯಬೇಕಾಯಿತು.

ಇದು ಬರೀ ಅಪರಿಚಿತ ವಸ್ತುವಿನ ಭಯವಲ್ಲ. ನಾಸಾ 2017ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಕೇಳುಗರನ್ನು ಕೂರಿಸಿ ಸಣ್ಣ ಡ್ರೋನುಗಳ ಸದ್ದನ್ನೂ ಕಾರು, ಟ್ರಕ್‌ಗಳ ಸದ್ದನ್ನೂ ಕೇಳಿಸಲಾಯಿತು. ಅಳತೆ ಒಂದೇ ಇದ್ದರೂ ಡ್ರೋನಿನದೇ ಹೆಚ್ಚು ಕಿರಿಕಿರಿ ಎಂದರು ಕೇಳಿದವರು. ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಈಸಾ 2021ರಲ್ಲಿ ಆರು ನಗರಗಳಲ್ಲಿ ಮಾಡಿದ ಅಧ್ಯಯನದಲ್ಲೂ ಅದೇ ಮಾತು. ಅಲ್ಲಿ ಶೇ 83ರಷ್ಟು ಜನ ಏರ್ ಟ್ಯಾಕ್ಸಿ, ಡ್ರೋನುಗಳ ಬಗ್ಗೆ ಒಳ್ಳೆಯ ಅಭಿಪ್ರಾಯವನ್ನೇ ಹೇಳಿದ್ದರು. ಆತಂಕಗಳಲ್ಲಿ ಸುರಕ್ಷತೆಯ ನಂತರದ ಸ್ಥಾನ ಸದ್ದಿಗೆ. ಬಸ್ಸು, ಬೈಕುಗಳ ಪರಿಚಿತ ಸದ್ದಿಗಿಂತ ಅಷ್ಟೇ ಡೆಸಿಬಲ್‌ನ ಹೊಸ ಸದ್ದು ಹೆಚ್ಚು ಚುಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2018ರಲ್ಲಿ ಸೂಚಿಸಿದ ಮಿತಿಗಳನ್ನು ನೋಡಿ: ರಸ್ತೆ ಸದ್ದಿಗೆ ದಿನದ ಸರಾಸರಿ 53 ಡೆಸಿಬಲ್, ವಿಮಾನದ ಸದ್ದಿಗೆ 45. ಒಂದೇ ಕಿವಿ, ಆದರೆ ಆಕಾಶದಿಂದ ಬಂದದ್ದಕ್ಕೆ ಎಂಟು ಡೆಸಿಬಲ್ ಕಡಿಮೆ ರಿಯಾಯಿತಿ.

ಈಗ ನಮ್ಮ ಕಾನೂನಿಗೆ ಬರೋಣ. ಭಾರತದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆಗಳ ನಿಶ್ಶಬ್ದ ವಲಯದಲ್ಲಿ ಇನ್ನೂ ಐದೈದು ಕಡಿಮೆ. ಜೋಬಿಯ 45.2 ಇದಕ್ಕೆ ಸರಿಯಾಗಿ ಹೊಂದುತ್ತದೆ ಅನ್ನಿಸುತ್ತದೆಯಲ್ಲವೇ? ಆದರೆ ನಿಯಮದ ಅಂಕಿ ಕಾಲದ ಮೇಲಿನ ಸರಾಸರಿ, ಕಂಪನಿಯ ಅಂಕಿ ವಿಮಾನ ಹಾದುಹೋಗುವಾಗಿನದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹೋಲಿಕೆ ತಪ್ಪಾಗುತ್ತದೆ, ಕೆಲವೊಮ್ಮೆ ಕಂಪನಿಗೇ ನಷ್ಟವಾಗುವ ಹಾಗೆ. ನೀವೇ ಲೆಕ್ಕ ಹಾಕಿ ನೋಡಿ. ನಿಮ್ಮ ಮನೆ ಏರ್ ಟ್ಯಾಕ್ಸಿ ನಿಲ್ದಾಣದಿಂದ 100 ಮೀಟರ್ ದೂರದಲ್ಲಿದೆ, ಒಂದು ಏರ್ ಟ್ಯಾಕ್ಸಿ ಏರುವಾಗ ಮೂವತ್ತು ಸೆಕೆಂಡ್ 65 ಡೆಸಿಬಲ್ ಕೇಳಿಸುತ್ತದೆ ಎಂದುಕೊಳ್ಳೋಣ. ಗಂಟೆಗೆ ಒಂದೇ ವಿಮಾನವಾದರೆ ಆ ಗಂಟೆಯ ಸರಾಸರಿಗೆ ಅದರ ಪಾಲು 44 ಡೆಸಿಬಲ್. ರಾತ್ರಿಯ ಮಿತಿಯೊಳಗೇ ಇದೆ! ಹತ್ತು ವಿಮಾನವಾದರೆ 54, ಹಗಲಿನ ಮಿತಿಯ ಅಂಚಿಗೆ. ಇಪ್ಪತ್ತಾದರೆ 57, ಮಿತಿ ದಾಟಿತು. ಅಂದರೆ ವಿಮಾನ ಎಷ್ಟು ಮೆತ್ತಗಿದೆ ಎನ್ನುವುದಕ್ಕಿಂತ ಗಂಟೆಗೆ ಎಷ್ಟು ಸಲ ಎನ್ನುವುದೇ ತೀರ್ಮಾನ ಮಾಡುತ್ತದೆ. ಏರ್ ಟ್ಯಾಕ್ಸಿಯ ವ್ಯಾಪಾರ ಲಾಭಕ್ಕೆ ಬರುವುದು ಪದೇಪದೇ ಹಾರಿದಾಗ ಮಾತ್ರ. ಗಂಟೆಗೊಂದು ಹಾರಿಸಿ ಯಾರೂ ಬ್ಯಾಂಕಿನ ಸಾಲ ತೀರಿಸಲಾರರು.

500 ಮೀಟರ್ ಎತ್ತರ ಎಂಬುದೂ ಖಾತರಿಯ ಮಾತಲ್ಲ. ಎತ್ತರ ಅರ್ಧವಾದರೆ ಸದ್ದು ಆರು ಡೆಸಿಬಲ್ ಏರುತ್ತದೆ: 250 ಮೀಟರ್‌ನಲ್ಲಿ 51, 125 ಮೀಟರ್‌ನಲ್ಲಿ 57. ಬೆಂಗಳೂರಿನ ಆಕಾಶದಲ್ಲಿ ದೇವನಹಳ್ಳಿಯ ದೊಡ್ಡ ವಿಮಾನಗಳು, ಯಲಹಂಕದ ವಾಯುನೆಲೆ, ಎಚ್‌ಎಎಲ್‌ನ ಪರೀಕ್ಷಾ ಹಾರಾಟಗಳು, ಜಕ್ಕೂರಿನ ತರಬೇತಿ ವಿಮಾನಗಳು ಆಗಲೇ ಜಾಗ ಹಂಚಿಕೊಂಡಿವೆ. ಇವುಗಳ ನಡುವೆ ಏರ್ ಟ್ಯಾಕ್ಸಿಗೆ ಯಾವ ಎತ್ತರ ಸಿಗುತ್ತದೆ ಎಂಬುದನ್ನು ಕಂಪನಿ ತೀರ್ಮಾನಿಸುವುದಿಲ್ಲ, ವಾಯು ಸಂಚಾರ ನಿಯಂತ್ರಕರು ತೀರ್ಮಾನಿಸುತ್ತಾರೆ.

ಪ್ಯಾರಿಸ್ಸಿನವರು ಈ ಪ್ರಶ್ನೆಗಳನ್ನು ಮೊದಲೇ ಎತ್ತಿದರು. 2024ರ ಒಲಿಂಪಿಕ್ಸ್ ಹೊತ್ತಿಗೆ ಸೇನ್ ನದಿಯ ಮೇಲಿನ ತೇಲುವ ವೇದಿಕೆಯಿಂದ ವೊಲೊಕಾಪ್ಟರ್ ಹಾರಿಸುವ ಯೋಜನೆಯಿತ್ತು. ಫ್ರಾನ್ಸಿನ ಪರಿಸರ ಪ್ರಾಧಿಕಾರ ಸದ್ದೂ ಸೇರಿದಂತೆ ಹಲವು ವಿಷಯಗಳಲ್ಲಿ ಯೋಜನೆಯ ಪರಿಣಾಮ ವರದಿ ಅಪೂರ್ಣ ಎಂದಿತು. ನಗರಾಡಳಿತವೂ ವಿರೋಧಿಸಿತು. ಒಲಿಂಪಿಕ್ಸ್ ಮುಗಿಯುವುದರೊಳಗೆ ಒಬ್ಬ ಪ್ರಯಾಣಿಕನೂ ಟಿಕೆಟ್ ಕೊಟ್ಟು ಹಾರಲಿಲ್ಲ, ವರ್ಸೈಯಲ್ಲಿ ಪ್ರದರ್ಶನ ಹಾರಾಟವಷ್ಟೇ ನಡೆಯಿತು. ಡಿಸೆಂಬರ್‌ನಲ್ಲಿ ಕಂಪನಿಯೇ ದಿವಾಳಿ ರಕ್ಷಣೆಗೆ ಹೋಯಿತು. ಅತ್ತ ನ್ಯೂಯಾರ್ಕಿನಲ್ಲಿ 2023ರ ನವೆಂಬರ್‌ನಲ್ಲಿ ಜೋಬಿ ಮ್ಯಾನ್‌ಹಟನ್ನಿನ ಹೆಲಿಪೋರ್ಟ್‌ನಿಂದ ಹಾರಿ ತೋರಿಸಿದಾಗ ಮೆಚ್ಚುಗೆಯೇ ಹೆಚ್ಚು ಬಂತು. ಅದು ಸಹಜ. ಅಲ್ಲಿನ ಜನ ದಶಕಗಳಿಂದ ಹೆಲಿಕಾಪ್ಟರುಗಳ ಕೆಳಗೆ ಬದುಕಿದ್ದಾರೆ. ಅದಕ್ಕೆ ಹೋಲಿಸಿದರೆ ಯಾವುದೂ ವಾಸಿ. ಬೆಂಗಳೂರಿನ ಬಹುಪಾಲು ಬಡಾವಣೆಗಳಿಗೆ ಆ ಹೋಲಿಕೆ ಅನ್ವಯಿಸುವುದಿಲ್ಲ. ನಮ್ಮ ಮೇಲೆ ಈಗ ಹೆಲಿಕಾಪ್ಟರ್ ಟ್ಯಾಕ್ಸಿಗಳ ಸಾಲಿಲ್ಲ. ನಾವು ಏರ್ ಟ್ಯಾಕ್ಸಿಯನ್ನು ಹೋಲಿಸಬೇಕಾದ್ದು ಅಂಥ ಟ್ಯಾಕ್ಸಿಗಳಿಲ್ಲದ ಇಂದಿನ ಆಕಾಶದ ಜೊತೆ.

ನನ್ನ ಅಭಿಪ್ರಾಯ ಇಷ್ಟು: ದಾರಿಯ ನಡುವಿನ ಸದ್ದನ್ನು ಈ ಎಂಜಿನಿಯರ್‌ಗಳು ಬಹುಮಟ್ಟಿಗೆ ಗೆದ್ದಿದ್ದಾರೆ. ನಿಲ್ದಾಣದ ಸುತ್ತಲಿನ ಸದ್ದನ್ನು ಗೆದ್ದಿಲ್ಲ, ಪ್ರೊಪೆಲ್ಲರಿಗೆ ವಿಮಾನದ ಪೂರ್ತಿ ತೂಕ ಹೊರಿಸುತ್ತಿರುವವರೆಗೆ ಪೂರಾ ಗೆಲ್ಲುವುದೂ ಇಲ್ಲ. ಹಾಗಾಗಿ ವಿಮಾನ ಬೇಕೋ ಬೇಡವೋ ಎಂಬ ಚರ್ಚೆಗಿಂತ ಅದು ಎಲ್ಲಿ ಇಳಿಯಬೇಕು, ದಿನಕ್ಕೆ ಎಷ್ಟು ಸಲ, ರಾತ್ರಿ ಎಷ್ಟು ಹೊತ್ತಿನವರೆಗೆ ಎಂಬ ಚರ್ಚೆ ಮುಖ್ಯ. ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) 2024ರಲ್ಲೇ ಇಂಥ ನಿಲ್ದಾಣಗಳಿಗೆ, ಅಂದರೆ ವರ್ಟಿಪೋರ್ಟ್‌ಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಈಸಾ ಇಂಥ ವಿಮಾನಗಳಿಗೆಂದೇ ಸದ್ದಿನ ಅಳತೆಯ ವಿಧಾನ ಬರೆದಿದೆ, ಹಾರಿಹೋಗುವಾಗ ಮಾತ್ರವಲ್ಲ, ನಿಂತಲ್ಲೇ ತೇಲುವಾಗಲೂ ಅಳೆಯಬೇಕೆನ್ನುತ್ತದೆ. ಟೆಕ್ ಪಾರ್ಕಿನ ತಾರಸಿಯ ಮೇಲಿನ ನಿಲ್ದಾಣಕ್ಕೆ ವಾಣಿಜ್ಯ ಪ್ರದೇಶದ 65 ಡೆಸಿಬಲ್ ಅನ್ವಯಿಸುತ್ತದೋ, ಕಾಂಪೌಂಡ್ ಆಚೆಯ ಬಡಾವಣೆಯ 55 ಅನ್ವಯಿಸುತ್ತದೋ ಎಂಬುದನ್ನು ಮೊದಲ ವಿಮಾನ ಇಳಿಯುವ ಮುನ್ನವೇ ಬರೆದಿಡಬೇಕು, ಆಮೇಲಲ್ಲ.

ಆದ್ದರಿಂದ ನಿವಾಸಿಗಳ ಸಂಘಗಳಲ್ಲಿ, ಅಪಾರ್ಟ್‌ಮೆಂಟ್ ಸಮಿತಿಗಳಲ್ಲಿ ಇರುವವರಿಗೆ ಒಂದು ಮಾತು. ನಿಮ್ಮ ಪಕ್ಕದ ಕಟ್ಟಡದ ಮೇಲೆ ವರ್ಟಿಪೋರ್ಟ್ ಬರುವ ಪ್ರಸ್ತಾಪ ಬಂದರೆ 45 ಎಂಬ ಅಂಕಿಗೆ ತಲೆಯಾಡಿಸಬೇಡಿ. ಏರುವಾಗ, ಇಳಿಯುವಾಗ ನೂರು ಮೀಟರ್‌ನಲ್ಲಿ ಎಷ್ಟು ಎಂದು ಕೇಳಿ. ‘ಎ’ ಲೆಕ್ಕದ ಜೊತೆಗೆ ಮಂದ್ರಸ್ವರದ ಅಳತೆಯನ್ನೂ ಕೇಳಿ. ಗಂಟೆಗೆ ಗರಿಷ್ಠ ಎಷ್ಟು ವಿಮಾನ, ರಾತ್ರಿ ಹತ್ತರ ಮೇಲೆ ಎಷ್ಟು ಎಂಬುದನ್ನು ಕರಾರಿನಲ್ಲಿ ಬರೆಸಿ. ಒಪ್ಪಿಗೆಗೆ ಮುನ್ನ ಒಂದು ವಾರ ಪ್ರಾಯೋಗಿಕವಾಗಿ ಹಾರಿಸಿ, ನಿಮ್ಮದೇ ತಾರಸಿಯಲ್ಲಿ ಮಾಪಕ ಇಟ್ಟು ಅಳೆಯಲು ಹೇಳಿ. ಆ ಅಳತೆ ಸಾರ್ವಜನಿಕವಾಗುವವರೆಗೆ ನಿರಾಕ್ಷೇಪಣಾ ಪತ್ರಕ್ಕೆ ಸಹಿ ಹಾಕಬೇಡಿ.